ಬುಲ್‌ವಿಪ್ ಎಫೆಕ್ಟ್: ಬಿಯರ್ ಗೇಮ್ ಕಲಿಸುವ ಪಾಠ

ಅಂಗಡಿಯಲ್ಲಿ ಗಿರಾಕಿಗಳ ಬೇಡಿಕೆ ಚೂರು ಅಲುಗಾಡಿದರೆ ಸಗಟು ವ್ಯಾಪಾರಿಯ ಆರ್ಡರ್ ಇನ್ನಷ್ಟು ಅಲುಗುತ್ತದೆ, ಕಾರ್ಖಾನೆ ಮುಟ್ಟುವ ಹೊತ್ತಿಗೆ ಏರಿಳಿತ ವಿಪರೀತಕ್ಕೆ ಹೋಗಿರುತ್ತದೆ. ಇದೇ ಬುಲ್‌ವಿಪ್ ಎಫೆಕ್ಟ್. ಪರೀಕ್ಷೆಯಲ್ಲಿ ಹಲವರು 'ಬೇಡಿಕೆಯ ಏರಿಳಿತ' ಎಂದಷ್ಟೇ ಬರೆಯುತ್ತಾರೆ, ಅದು ತಪ್ಪು. ಅಳೆಯಬೇಕಾದದ್ದು ಹಿಗ್ಗುವಿಕೆಯನ್ನು: ಆರ್ಡರ್‌ಗಳ ವೇರಿಯನ್ಸನ್ನು (ಸರಾಸರಿಯಿಂದ ಎಷ್ಟು ಚದುರಿದೆ ಎಂಬ ಅಳತೆ) ಬೇಡಿಕೆಯ ವೇರಿಯನ್ಸ್‌ನಿಂದ ಭಾಗಿಸಿದಾಗ 1ಕ್ಕಿಂತ ಹೆಚ್ಚು ಬಂದರೆ ಬುಲ್‌ವಿಪ್ ಇದೆ ಎಂದರ್ಥ. ಈ ಹೆಸರು ಬಳಕೆಗೆ ಬಂದದ್ದು ಪ್ರಾಕ್ಟರ್ ಆಂಡ್ ಗ್ಯಾಂಬಲ್ ಕಂಪನಿಯಿಂದ. ಮಕ್ಕಳು ಡೈಪರ್ ಬಳಸುವ ಪ್ರಮಾಣ ಹೆಚ್ಚುಕಡಿಮೆ ಒಂದೇ ಸಮ ಇದ್ದರೂ ಆರ್ಡರ್‌ಗಳು ಕುಣಿಯುತ್ತಿದ್ದುದನ್ನು ಅಲ್ಲಿನವರು ಗಮನಿಸಿದ್ದರು.

ಎಪಿಕ್ಸ್ ಹೆಸರಿನಲ್ಲಿ 1957ರಲ್ಲಿ ಅಮೆರಿಕದಲ್ಲಿ ಹುಟ್ಟಿ ಈಗ ಎಎಸ್‌ಸಿಎಂ ಎನಿಸಿಕೊಂಡಿರುವ ವೃತ್ತಿಪರ ಸಂಸ್ಥೆ ಯೋಜನೆ ಮತ್ತು ದಾಸ್ತಾನು ನಿರ್ವಹಣೆಗಾಗಿ ಕೊಡುವ ಸಿಪಿಐಎಂ ಪ್ರಮಾಣಪತ್ರಕ್ಕೆ ಓದುವವರಿಗೂ ಈ ಪದ ಎದುರಾಗುತ್ತದೆ. ಆದರೆ ವಿಶ್ವವಿದ್ಯಾಲಯದ ತರಗತಿಗಳಲ್ಲಿ ಇದನ್ನು ಮನದಟ್ಟು ಮಾಡಿಸುವುದು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ರೂಪುಗೊಂಡ ಬಿಯರ್ ಗೇಮ್, ಅಂದರೆ ಬಿಯರ್ ಪೂರೈಕೆಯ ಸರಪಳಿಯನ್ನು ಅನುಕರಿಸುವ ಆಟ.

ಒಂದು ಸಾಲಿನಲ್ಲಿ ನಾಲ್ವರು: ಚಿಲ್ಲರೆ ಅಂಗಡಿ, ಸಗಟು ವ್ಯಾಪಾರಿ, ವಿತರಕ, ಕಾರ್ಖಾನೆ. ಪ್ರತಿಯೊಬ್ಬರ ಬಳಿ 12 ಪೆಟ್ಟಿಗೆ ದಾಸ್ತಾನು. ಮಾತಾಡುವಂತಿಲ್ಲ, ಆರ್ಡರ್ ಚೀಟಿ ಮಾತ್ರ. ಉಳಿದ ಪ್ರತಿ ಪೆಟ್ಟಿಗೆಗೆ ವಾರಕ್ಕೆ ಅರ್ಧ ಡಾಲರ್ ಖರ್ಚು, ಕೊಡಲಾಗದೆ ಬಾಕಿ ಉಳಿದದ್ದಕ್ಕೆ ಒಂದು ಡಾಲರ್. ಗಿರಾಕಿಯ ಬೇಡಿಕೆ ಮೊದಲ ನಾಲ್ಕು ವಾರ 4 ಪೆಟ್ಟಿಗೆ, 5ನೇ ವಾರದಿಂದ 8. ಆಮೇಲೆ ಅದು ಬದಲಾಗುವುದೇ ಇಲ್ಲ.

ಎಡವಟ್ಟಾಗುವುದು ತಡದಿಂದ. ಆರ್ಡರ್ ಕೊಟ್ಟ ಮಾಲು ಕೈಸೇರಲು ಕಡಿಮೆಯೆಂದರೂ ನಾಲ್ಕು ವಾರ. ಅಂಗಡಿಯವನು 5ನೇ ವಾರವೇ ಆರ್ಡರನ್ನು 8ಕ್ಕೆ ಏರಿಸಿದರೂ ಅದು ಬರುವುದು 9ನೇ ವಾರ. ಅಷ್ಟರಲ್ಲಿ ವಾರಕ್ಕೆ ಹಳೆಯ ಆರ್ಡರಿನ 4 ಪೆಟ್ಟಿಗೆಯಷ್ಟೇ ಬರುವುದರಿಂದ ದಾಸ್ತಾನು 8, 4, 0 ಎಂದು ಇಳಿದು 8ನೇ ವಾರ 4 ಪೆಟ್ಟಿಗೆ ಬಾಕಿ ಬಿದ್ದಿರುತ್ತದೆ. ಬಾಕಿ ಕಂಡು ಗಾಬರಿಯಾದವನು ದಾರಿಯಲ್ಲಿರುವ ಮಾಲನ್ನು ಮರೆತು ಮತ್ತೆ ಮತ್ತೆ ಆರ್ಡರ್ ಕೊಡುತ್ತಾನೆ. ಅವನ ಹಿಂದಿನವನಿಗೆ ಕಾಣುವುದು ಆ ಉಬ್ಬಿದ ಆರ್ಡರ್ ಮಾತ್ರ, ಅವನು ಇನ್ನಷ್ಟು ಉಬ್ಬಿಸುತ್ತಾನೆ. ಕೊನೆಗೆ ಎಲ್ಲವೂ ಒಟ್ಟಿಗೆ ಬಂದು ಬೀಳುತ್ತದೆ, ಆರ್ಡರ್ ಸೊನ್ನೆಗಿಳಿಯುತ್ತದೆ. ಎಂಐಟಿಯ ಪ್ರಾಧ್ಯಾಪಕ ಜಾನ್ ಸ್ಟರ್ಮನ್ 1989ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ತಂಡಗಳ ಸರಾಸರಿ ಖರ್ಚು, ಆಗಬಹುದಾಗಿದ್ದ ಕನಿಷ್ಠ ಖರ್ಚಿನ ಸುಮಾರು ಹತ್ತು ಪಟ್ಟಿತ್ತು.

ಲೆಕ್ಕ ಹಿಡಿಯಬೇಕಾದದ್ದು ಹೀಗೆ: ಕೈಲಿರುವುದು, ಅದಕ್ಕೆ ಕೂಡಿಸಿ ಆರ್ಡರ್ ಕೊಟ್ಟೂ ಇನ್ನೂ ಬರದಿರುವುದು, ಕಳೆಯಿರಿ ಬಾಕಿ. ವಾರಕ್ಕೆ 8 ಬೇಕಿದ್ದು ತಡ ನಾಲ್ಕು ವಾರವಾದರೆ ಬರಬೇಕಾದ ಮಾಲು ಯಾವಾಗಲೂ 32 ಪೆಟ್ಟಿಗೆ ಇರಲೇಬೇಕು. ಇದನ್ನು ಮರೆಯುವುದೇ ಮೂಲ ರೋಗ. ವ್ಯವಹಾರದಲ್ಲಿ ಇದಕ್ಕೆ ಜೊತೆಯಾಗುವ ಕಾರಣಗಳೂ ಇವೆ: ತಿಂಗಳಿಗೊಮ್ಮೆ ಗುಂಪಾಗಿ ಆರ್ಡರ್ ಕೊಡುವುದು, ರಿಯಾಯಿತಿ ಸಿಕ್ಕಾಗ ತುಂಬಿಕೊಳ್ಳುವುದು, ಕೊರತೆಯಿದ್ದಾಗ ಅರ್ಧವಾದರೂ ಸಿಗಲಿ ಎಂದು ದುಪ್ಪಟ್ಟು ಕೇಳುವುದು.

ಆಟ ಆಡಿಸುವವರಿಗೆ ಎರಡು ಎಚ್ಚರಿಕೆ. ಬೇಡಿಕೆ ಚೀಟಿಗಳನ್ನು ಅಂಗಡಿಯವನೊಬ್ಬನೇ ನೋಡಬೇಕು, ಪಕ್ಕದವರು ಇಣುಕಿದರೆ ಆಟ ಕೆಟ್ಟಂತೆ. ಕೊನೆಯ ವಾರ ಯಾವುದೆಂದು ಮೊದಲೇ ಹೇಳಬಾರದು, ಹೇಳಿದರೆ ಎಲ್ಲರೂ ಕಡೆಯಲ್ಲಿ ದಾಸ್ತಾನು ಖಾಲಿ ಮಾಡಲು ಹೊರಡುತ್ತಾರೆ. ಮುಗಿದ ಮೇಲೆ ಗಿರಾಕಿಯ ಬೇಡಿಕೆ ಹೇಗಿತ್ತೆಂದು ಊಹಿಸಿ ಗೀಚಲು ಹೇಳಿ: ಕಾರ್ಖಾನೆ ನಡೆಸಿದವರು ಸಾಮಾನ್ಯವಾಗಿ ದೊಡ್ಡ ಅಲೆಯನ್ನೇ ಬರೆಯುತ್ತಾರೆ. ಎರಡನೇ ಸುತ್ತಿನಲ್ಲಿ ಅಂಗಡಿಯ ಮಾರಾಟವನ್ನು ಎಲ್ಲರಿಗೂ ತೋರಿಸಿದರೆ ಏರಿಳಿತ ತಗ್ಗುತ್ತದೆ. ಪೂರ್ತಿ ಹೋಗುವುದಿಲ್ಲ, ಯಾಕೆಂದರೆ ದಾರಿಯಲ್ಲಿರುವ ಮಾಲನ್ನು ಎಣಿಸದೆ ಬಿಡುವ ಅಭ್ಯಾಸ ಹಾಗೆಯೇ ಉಳಿದಿರುತ್ತದೆ.