ರಾಣಿಯ ನಂತರ ಯಾರು? ಕಣಜಗಳಿಗೆ ಗೊತ್ತು

ಪ್ರಾಣಿಗಳ ನಡವಳಿಕೆಯ ಅಧ್ಯಯನ ನನ್ನ ಕೆಲಸ ಎಂದು ತಿಳಿದ ಕೂಡಲೇ ಜನ ಕೇಳುವುದು ಒಂದೇ ಪ್ರಶ್ನೆ: ‘ಅದಕ್ಕೆ ನಿಜವಾಗಿಯೂ ಗೊತ್ತಾಗುತ್ತಾ?’ ನಾಯಿಯ ಬಗ್ಗೆ ಕೇಳುತ್ತಾರೆ, ಆನೆಯ ಬಗ್ಗೆ ಕೇಳುತ್ತಾರೆ, ಮೊಬೈಲಿಗೆ ಬಂದ ಕಾಗೆಯ ವಿಡಿಯೊ ತೋರಿಸಿ ಕೇಳುತ್ತಾರೆ. ವಿಡಿಯೊ ನೋಡಿ ಇದಕ್ಕೆ ಉತ್ತರ ಕೊಡಲಾಗದು. ಗೊತ್ತಿದ್ದರೆ ಪ್ರಾಣಿ ಒಂದು ರೀತಿ, ಗೊತ್ತಿಲ್ಲದಿದ್ದರೆ ಇನ್ನೊಂದು ರೀತಿ ನಡೆದುಕೊಳ್ಳಲೇಬೇಕು, ಅಂಥ ಸನ್ನಿವೇಶವನ್ನು ನಾವು ಕಟ್ಟಬೇಕು. ಇದನ್ನು ವಿವರಿಸಲು ನಾನು ವಿದ್ಯಾರ್ಥಿಗಳಿಗೆ ಮೊದಲು ಹೇಳುವುದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಕಣಜಗಳ ಮೇಲೆ ನಡೆದ ಪ್ರಯೋಗವನ್ನು.

ಈ ಕಣಜದ ಹೆಸರು ರೊಪಾಲಿಡಿಯಾ ಮಾರ್ಜಿನೇಟಾ. ದಕ್ಷಿಣ ಭಾರತದಲ್ಲಿ ಬೇಕಾದಷ್ಟು ಕಡೆ ಸಿಗುತ್ತದೆ. ಗಿಡದ ನಾರು ಕೆರೆದು ತಂದು, ಜೊಲ್ಲಿನಲ್ಲಿ ಕಲಸಿ, ಕಿಟಕಿಯ ಮೂಲೆಯಲ್ಲೋ ಸೂರಿನ ಕೆಳಗೋ ಕಾಗದದಂಥ ಗೂಡು ಕಟ್ಟುತ್ತದೆ. ಗೂಡಿಗೆ ಹೊರಹೊದಿಕೆ ಇಲ್ಲದ ಕಾರಣ ಮೊಟ್ಟೆ, ಮರಿಹುಳು, ಓಡಾಡುವ ಕಣಜ ಎಲ್ಲವೂ ಕಣ್ಣಿಗೆ ಬೀಳುತ್ತವೆ. ಸಂಶೋಧಕರು ಪ್ರತಿಯೊಂದರ ಮೈಮೇಲೂ ಬೇಗ ಒಣಗುವ ಬಣ್ಣದ ಚುಕ್ಕೆ ಇಡುತ್ತಾರೆ. ಆಮೇಲೆ ಅದು ಬರೀ ಕಣಜವಲ್ಲ, ಹಳದಿ-ನೀಲಿ ಚುಕ್ಕೆಯ ಇಂಥದೇ ಕಣಜ. ಯಾವುದು ಆಹಾರ ತಂದಿತು, ಯಾವುದು ಯಾರನ್ನು ಕಚ್ಚಿತು ಎಂದು ಹೆಸರು ಹಿಡಿದು ಬರೆದಿಡಬಹುದು. ಸಾಮಾಜಿಕ ನಡವಳಿಕೆಯ ಅಧ್ಯಯನ ಶುರುವಾಗುವುದೇ ಇಲ್ಲಿಂದ.

ಆ ಸಂಸ್ಥೆಯ ವಿಜ್ಞಾನಿ ರಾಘವೇಂದ್ರ ಗದಗ್‌ಕರ್ ಮತ್ತು ಅವರ ವಿದ್ಯಾರ್ಥಿಗಳು ದಶಕಗಳ ಕಾಲ ಈ ಕಣಜದ ಹಿಂದೆ ಬಿದ್ದರು. ಇದರ ರಾಣಿ ಬಲು ಸಾಧು. ರೂಪದಲ್ಲಿ ಕೆಲಸಗಾರ ಕಣಜಗಳಿಗೂ ಅದಕ್ಕೂ ವ್ಯತ್ಯಾಸವಿಲ್ಲ, ಯಾರ ಮೇಲೂ ಜೋರು ಮಾಡುವುದಿಲ್ಲ, ಆದರೂ ಗೂಡಿನಲ್ಲಿ ಮೊಟ್ಟೆ ಇಡುವುದು ಅದೊಂದೇ. ಹತ್ತಿರದ ಸಂಬಂಧಿ ರೊಪಾಲಿಡಿಯಾ ಸಯಾಥಿಫಾರ್ಮಿಸ್‌ನಲ್ಲಾದರೆ ಗೂಡಿನ ಅತಿ ಜಗಳಗಂಟಿಯೇ ರಾಣಿ.

ಮಾರ್ಜಿನೇಟಾದ ರಾಣಿಯನ್ನು ಗೂಡಿನಿಂದ ತೆಗೆದರೆ ಕೆಲವೇ ನಿಮಿಷಗಳಲ್ಲಿ ದೃಶ್ಯ ಬದಲಾಗುತ್ತದೆ. ಅಲ್ಲಿಯವರೆಗೆ ಎಲ್ಲರಂತೆ ಇದ್ದ ಒಂದು ಕೆಲಸಗಾರ ಕಣಜ ಎದ್ದು, ಸಿಕ್ಕವರನ್ನೆಲ್ಲ ಅಟ್ಟಿಸಿಕೊಂಡು ಹೋಗುತ್ತದೆ, ಕುಕ್ಕುತ್ತದೆ, ಬಾಯಲ್ಲಿ ಕಚ್ಚಿ ಹಿಡಿಯುತ್ತದೆ. ಹೀಗೆ ಏಳುವುದು ಒಂದೇ ಒಂದು. ಉಳಿದವು ತಿರುಗಿ ಬೀಳುವುದಿಲ್ಲ. ರಾಣಿಯನ್ನು ಮರಳಿ ಬಿಡದಿದ್ದರೆ ಇದೇ ಮುಂದಿನ ರಾಣಿ. ಮೊಟ್ಟೆ ಇಡತೊಡಗಿದ ಮೇಲೆ ಇದೂ ಹಿಂದಿನ ರಾಣಿಯಷ್ಟೇ ಸಾಧುವಾಗುತ್ತದೆ.

ಆದರೆ ರಾಣಿ ಇರುವಾಗ ಈ ಉತ್ತರಾಧಿಕಾರಿ ಯಾರೆಂದು ಸಂಶೋಧಕರಿಗೆ ಹೇಳಲಾಗಲಿಲ್ಲ. ಗಾತ್ರ, ವಯಸ್ಸು, ಜಗಳಗಂಟಿತನ ಯಾವುದರಿಂದಲೂ ಖಚಿತ ಸುಳಿವು ಸಿಗಲಿಲ್ಲ. ಹಾಗಾದರೆ ಕಣಜಗಳಿಗೇನಾದರೂ ಮೊದಲೇ ಗೊತ್ತಿದೆಯೇ? 2008ರಲ್ಲಿ ಅನಿಂದಿತಾ ಭದ್ರ ಮತ್ತು ಗದಗ್‌ಕರ್ ಇದನ್ನು ಪರೀಕ್ಷಿಸಿದ ಬಗೆ ನನಗೆ ಇಂದಿಗೂ ಬೆರಗು ಹುಟ್ಟಿಸುತ್ತದೆ.

ಅವರು ಗೂಡನ್ನು ಎರಡು ಹೋಳು ಮಾಡಿ ನಡುವೆ ತಂತಿ ಜಾಲರಿ ಹಾಕಿದರು. ಕೆಲಸಗಾರರನ್ನು ಯಾವ ಆಯ್ಕೆಯೂ ಇಲ್ಲದೆ ಎರಡೂ ಕಡೆ ಹಂಚಿದರು. ರಾಣಿ ಒಂದು ಕಡೆ ಮಾತ್ರ. ಜಾಲರಿಯಾಚೆಯ ರಾಣಿಯ ಇರವು ಈಚೆಯವರಿಗೆ ತಿಳಿಯುವುದಿಲ್ಲ. ಹಾಗಾಗಿ ರಾಣಿಯಿಲ್ಲದ ಕಡೆ ಒಂದು ಭಾವಿ ರಾಣಿ ಎದ್ದಿತು. ಆಗ ರಾಣಿಯನ್ನೂ ಈ ಭಾವಿ ರಾಣಿಯನ್ನೂ ಅದಲು ಬದಲು ಮಾಡಿದರು.

ಇಲ್ಲಿದೆ ತರ್ಕ. ಇಡೀ ಗೂಡಿಗೆ ಒಬ್ಬ ಉತ್ತರಾಧಿಕಾರಿ ಮೊದಲೇ ನಿಗದಿಯಾಗಿದ್ದು, ಎದ್ದದ್ದು ಅದೇ ಆಗಿದ್ದರೆ, ಹೊಸ ಕಡೆಯವರೂ ಅದನ್ನು ಒಪ್ಪಬೇಕು. ನಿಜವಾದ ಉತ್ತರಾಧಿಕಾರಿ ಮೊದಲಿನಿಂದ ರಾಣಿಯ ಕಡೆಗೇ ಇದ್ದರೆ, ರಾಣಿ ಆಚೆ ಹೋದ ಮೇಲೆ ಅದು ಏಳಬೇಕು, ಮತ್ತು ಈ ಎರಡನೆಯದನ್ನು ಎರಡೂ ಕಡೆಯವರು ಒಪ್ಪಬೇಕು. ಮೂರನೆಯದು ಏಳಲೇಬಾರದು. ಆದದ್ದೂ ಹಾಗೆಯೇ. ಕೆಲವು ಗೂಡುಗಳಲ್ಲಿ ಮೊದಲ ಭಾವಿ ರಾಣಿಯನ್ನೇ ಎಲ್ಲರೂ ಒಪ್ಪಿದರು, ಉಳಿದವುಗಳಲ್ಲಿ ಎರಡನೆಯದು ಎದ್ದು ನಿಂತಿತು. ಯಾವ ಗೂಡಿನಲ್ಲೂ ಮೂರನೆಯದು ಏಳಲಿಲ್ಲ.

ಇಲ್ಲಿ ‘ಗೊತ್ತು’ ಎಂದರೆ ಕಣಜ ಕೂತು ಯೋಚಿಸುತ್ತದೆ ಎಂದು ಹೇಳಿದಂತಲ್ಲ. ಹೊರಗಿನಿಂದ ನೋಡುವವರಿಗೆ ಕಾಣದ ಮಾಹಿತಿ ಗೂಡಿನೊಳಗೆ ಇದೆ, ಅದರಂತೆ ಎಲ್ಲರೂ ನಡೆದುಕೊಳ್ಳುತ್ತಾರೆ ಎಂಬಷ್ಟು ಮಾತ್ರ ಪ್ರಯೋಗ ಸಾಬೀತು ಮಾಡುತ್ತದೆ. ನನ್ನ ದೃಷ್ಟಿಯಲ್ಲಿ ಅದು ಸಣ್ಣ ಸಂಗತಿಯಲ್ಲ.

ರಾಣಿ ಜೋರು ಮಾಡದೆ ಆಳುವುದು ಹೇಗೆಂಬುದಕ್ಕೂ ಸುಳಿವು ಸಿಕ್ಕಿದೆ. ಅದು ಆಗಾಗ ಹೊಟ್ಟೆಯ ತುದಿಯನ್ನು ಗೂಡಿಗೆ ಉಜ್ಜುತ್ತದೆ. ಅಲ್ಲಿರುವ ಡುಫೋರ್ ಎಂಬ ಗ್ರಂಥಿಯ ಸ್ರಾವ ಹೀಗೆ ಗೂಡಿಗೆ ಅಂಟುತ್ತದೆ, ‘ರಾಣಿ ಇದ್ದಾಳೆ’ ಎಂಬ ಸುದ್ದಿ ಕೆಲಸಗಾರರಿಗೆ ಮುಟ್ಟುತ್ತದೆ. ರಾಣಿಯ ಈ ಗ್ರಂಥಿಯ ಸಾರವನ್ನು ಇಟ್ಟಾಗ ಭಾವಿ ರಾಣಿಯ ರೋಷ ತಗ್ಗಿತು. ಆವಿಯಾಗಿ ಗಾಳಿಯಲ್ಲಿ ಹರಡುವ ವಾಸನೆಯಾಗಿದ್ದರೆ ಜಾಲರಿ ದಾಟಿಬಿಡುತ್ತಿತ್ತು, ಮೇಲೆ ಹೇಳಿದ ಪ್ರಯೋಗವೇ ನಡೆಯುತ್ತಿರಲಿಲ್ಲ.

2012ರಲ್ಲಿ ಅಲೋಕ್ ಬಂಗ್ ಮತ್ತು ಗದಗ್‌ಕರ್ ಇನ್ನೊಂದು ಹೆಜ್ಜೆ ಮುಂದೆ ಹೋದರು. ರಾಣಿಯನ್ನು ತೆಗೆದರು, ಎದ್ದ ಭಾವಿ ರಾಣಿಯನ್ನೂ ತೆಗೆದರು, ಅದರ ನಂತರ ಎದ್ದದ್ದನ್ನೂ ತೆಗೆದರು. ಪ್ರತಿ ಸಲವೂ ಮುಂದಿನದು ಒಂದೇ ಎದ್ದಿತು, ಪಟ್ಟಕ್ಕಾಗಿ ಹೊಡೆದಾಟ ನಡೆಯಲಿಲ್ಲ. ಅಲ್ಲಿಗೆ, ಇರುವುದು ಒಬ್ಬ ಉತ್ತರಾಧಿಕಾರಿಯಲ್ಲ, ಉದ್ದದ ಸರದಿ ಎಂಬುದು ಸ್ಪಷ್ಟವಾಯಿತು. ಸಾಮಾನ್ಯವಾಗಿ ಹಿರಿಯದಕ್ಕೆ ಮೊದಲ ಸರದಿ. ಆದರೆ ಎಷ್ಟೋ ಸಲ ಕಿರಿಯದೊಂದು ಹಿರಿಯರನ್ನು ದಾಟಿ ಮುಂದೆ ಬರುತ್ತದೆ, ಹಿರಿಯರು ಅದಕ್ಕೂ ತಕರಾರು ಮಾಡುವುದಿಲ್ಲ.