ಮುಗಿಯುವ ದಿನ ಬೇಡ, ಗೊತ್ತಾಗುವ ದಿನ ಹೇಳಿ

ಬೆಳಿಗ್ಗೆ 8.10ರ ಬಸ್ಸು. ಡ್ರೈವರ್ ಹಿಂದಿನ ಕಿಟಕಿ ಪಕ್ಕದ ಸೀಟು. ತೀರ್ಥಹಳ್ಳಿ ತಾಲ್ಲೂಕಿನ ಒಂದು ಸಣ್ಣ ಊರಿನಿಂದ ಅವರು ಒಂಬತ್ತು ವರ್ಷ ಹೀಗೆ ಪೇಟೆಗೆ ಹೋಗಿ, ನೆಂಟರ ಅಂಗಡಿಯಲ್ಲಿ ಕೆಲಸ ಮಾಡಿ, ಸಂಜೆ ವಾಪಸ್ ಬರುತ್ತಿದ್ದರು. ವಯಸ್ಸು ಮೂವತ್ತೊಂದು. ಆಟಿಸಂ ಇದೆ, ಅಂದರೆ ಮಾತು, ಒಡನಾಟ, ಸುತ್ತಲಿನ ಬದಲಾವಣೆಗಳನ್ನು ಮಿದುಳು ಬೇರೆ ರೀತಿ ಗ್ರಹಿಸುವ ಸ್ಥಿತಿ. 2020ರ ಮಾರ್ಚ್ ಕೊನೆಯ ವಾರ ಬಸ್ಸು ನಿಂತಿತು. ಅವರು ಮಾತ್ರ ದಿನಾ ರಸ್ತೆಗೆ ಹೋಗಿ ನಿಂತರು. ‘ನಾಳೆ ಬತ್ತದೆ, ಒಳಗೆ ಬಾ ಮಾರಾಯ’ ಅಂತ ಅಮ್ಮ ದಿನಾ ಕರೆದುಕೊಂಡು ಬಂದರು. ಆರನೇ ದಿನ ಅವರು ಜಗುಲಿಯ ಕಂಬಕ್ಕೆ ಹಣೆ ಚಚ್ಚಿಕೊಂಡರು.

‘ಹಠ ಜಾಸ್ತಿ ಆಗಿದೆ ಮೇಡಂ, ಎಂತ ಮಾಡಾದು?’ ಎಂದು ಅಮ್ಮ ಫೋನಿನಲ್ಲಿ ಅತ್ತರು.

ಅದು ಹಠ ಆಗಿರಲಿಲ್ಲ. ಅವರಿಗೆ ನಾಳೆ ಅಂದರೆ ನಾಳೆಯೇ. ಆರು ದಿನದಲ್ಲಿ ಆರು ಸಲ ಮಾತು ತಪ್ಪಿತ್ತು.

ನಾನು ಶಿವಮೊಗ್ಗದಲ್ಲಿ ಮನಃಶಾಸ್ತ್ರಜ್ಞೆಯಾಗಿ ಕೆಲಸ ಮಾಡುತ್ತೇನೆ. ಇಲ್ಲಿ ಹೇಳುವವರ ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ಕೋವಿಡ್‌ನ ಆ ಎರಡು ವರ್ಷ ನಾನು ಕಲಿತದ್ದನ್ನು ಈಗ ಬರೆಯಲು ಕಾರಣ ಇದೆ. ನಮ್ಮ ಕಡೆಯವರಿಗೆ ರೋಗದ ಹೆದರಿಕೆ ಒಂದು ಸಲ ಬಂದು ಹೋಗುವಂಥದ್ದಲ್ಲ. ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದೇ 1957ರಲ್ಲಿ, ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಎಷ್ಟು ಕಷ್ಟ ಆಯಿತು ಎಂದು ನಮಗೆಲ್ಲ ನೆನಪಿದೆ. ಮಳೆಗಾಲದಲ್ಲಿ ಡೆಂಗಿ ಬರುತ್ತದೆ. ಮನೆಯ ದಿನಚರಿ ದಿಢೀರ್ ಅಂತ ತಲೆಕೆಳಗಾಗುವ ಸಂದರ್ಭ ಮತ್ತೆ ಬರಬಹುದು.

ಮೊದಲು ಒಂದು ಮಾತು. ಆಟಿಸಂ ಅಂದ ಕೂಡಲೇ ಎಲ್ಲರಿಗೂ ಮಕ್ಕಳೇ ನೆನಪಾಗುತ್ತಾರೆ. ಆ ಮಕ್ಕಳು ದೊಡ್ಡವರಾಗುತ್ತಾರೆ, ಅಲ್ವಾ? 1995ರ ಅಂಗವಿಕಲರ ಕಾಯ್ದೆಯ ಪಟ್ಟಿಯಲ್ಲಿ ಆಟಿಸಂ ಇರಲಿಲ್ಲ. 2016ರ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಅದು ಸೇರಿತು. ಹಾಗಾಗಿ ಈಗ ನಲವತ್ತು ದಾಟಿದ ಎಷ್ಟೋ ಜನರ ಬಳಿ ಯಾವ ಕಾಗದವೂ ಇಲ್ಲ. ಊರಿನಲ್ಲಿ ಅವರಿಗೆ ‘ಒಂಥರಾ’, ‘ಮಂಕು’, ‘ಮೂಡಿ’ ಎಂಬ ಹೆಸರು ಅಷ್ಟೇ ಸಿಕ್ಕಿದೆ. ಮೂವತ್ತು ದಾಟಿದವರನ್ನೂ ನಾವು ‘ಹುಡುಗ’ ಅನ್ನುತ್ತೇವೆ, ಅವರ ಎದುರಿಗೇ ಅವರ ಬಗ್ಗೆ ಬೇರೆಯವರ ಹತ್ತಿರ ಮಾತಾಡುತ್ತೇವೆ. ಇದು ನನಗೆ ತುಂಬಾ ನೋವು ಕೊಡುತ್ತದೆ. ಯಾವ ಸಹಾಯ ಬೇಕು ಎಂದು ಮೊದಲು ಅವರನ್ನೇ ಕೇಳಬೇಕು. ಮಾತು ಬಾರದವರೂ ಬರೆದು, ಚಿತ್ರ ತೋರಿಸಿ, ಕೈ ಹಿಡಿದುಕೊಂಡು ಹೋಗಿ ಹೇಳುತ್ತಾರೆ.

ಬಸ್ಸಿನ ವಿಷಯಕ್ಕೆ ಬರುತ್ತೇನೆ. ಆ ಅಮ್ಮನಿಗೆ ನಾನು ಮೊದಲು ಕೊಟ್ಟ ಸಲಹೆಯೇ ತಪ್ಪಾಗಿತ್ತು. ‘ಕ್ಯಾಲೆಂಡರಿನಲ್ಲಿ ಏಪ್ರಿಲ್ 14ಕ್ಕೆ ಸುತ್ತು ಹಾಕಿ. ಅವತ್ತು ಲಾಕ್‌ಡೌನ್ ಮುಗಿಯುತ್ತದೆ ಅಂತ ತೋರಿಸಿ’ ಎಂದಿದ್ದೆ. ಮಗ ದಿನಾ ಕ್ಯಾಲೆಂಡರಿನ ಒಂದೊಂದು ತಾರೀಖಿಗೆ ಗೀಟು ಹಾಕುತ್ತಾ ಶಾಂತವಾದರು. 14ನೇ ತಾರೀಖು ಬಂತು. ಲಾಕ್‌ಡೌನ್ ಮೇ 3ರವರೆಗೆ ಮುಂದೆ ಹೋಯಿತು. ಆಮೇಲೆ ಮೇ 17, ಆಮೇಲೆ ಮೇ 31. ಮೊದಲ ಸಲ ಮುಂದೆ ಹೋದ ದಿನ ಅವರು ಕ್ಯಾಲೆಂಡರ್ ಹರಿದು ಹಾಕಿ, ಎರಡು ದಿನ ಊಟ ಬಿಟ್ಟರು. ನನ್ನ ಕೈಯಲ್ಲಿಲ್ಲದ ದಿನದ ಬಗ್ಗೆ ನಾನು ಮಾತು ಕೊಟ್ಟಿದ್ದೆ.

ಎರಡನೇ ಕ್ಯಾಲೆಂಡರಿನಲ್ಲಿ ಬೇರೆ ರೀತಿ ಬರೆದೆವು. ಮೇ 3ರ ಕೆಳಗೆ ‘ಮುಗಿಯುತ್ತದೆ’ ಅಂತ ಬರೆಯಲಿಲ್ಲ. ‘ಅಷ್ಟರೊಳಗೆ ಸರ್ಕಾರ ಹೇಳುತ್ತದೆ. ಬಸ್ಸು ಬರಬಹುದು, ಬಾರದೆಯೂ ಇರಬಹುದು. ಎರಡರಲ್ಲಿ ಯಾವುದು ಅಂತ ಅವತ್ತು ರಾತ್ರಿ 8ಕ್ಕೆ ಅಪ್ಪ ಬರೆದು ತೋರಿಸುತ್ತಾರೆ’ ಎಂದು ಬರೆದೆವು. ಬಸ್ಸು ಬಾರದಿದ್ದರೆ ಮರುದಿನ ಏನು ಮಾಡುವುದು ಎಂಬುದನ್ನೂ ಕೆಳಗೇ ಬರೆದೆವು. ಮುಗಿಯುವ ದಿನ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವ ದಿನವನ್ನು ಮಾತ್ರ ನಾವು ನಿಗದಿ ಮಾಡಬಹುದಿತ್ತು. ಮೇ 17ರ ಸುದ್ದಿ ಬಂದಾಗ ಅವರು ತುಂಬಾ ಹೊತ್ತು ಜಗುಲಿಯಲ್ಲಿ ತೂಗಾಡುತ್ತಾ ಕೂತಿದ್ದರು. ಆದರೆ ಹಣೆ ಚಚ್ಚಿಕೊಳ್ಳಲಿಲ್ಲ.

ರಸ್ತೆಗೆ ಹೋಗುವುದನ್ನು ನಾವು ನಿಲ್ಲಿಸಲೂ ಇಲ್ಲ. 8.10ಕ್ಕೆ ಹೋಗುವುದು, ಹತ್ತು ನಿಮಿಷ ನಿಲ್ಲುವುದು, ‘ಬಸ್ಸು ಇಲ್ಲ’ ಎಂದು ಪುಸ್ತಕದಲ್ಲಿ ಬರೆಯುವುದು, ವಾಪಸ್ ಬಂದು ಅಪ್ಪನ ಜೊತೆ ಅಡಿಕೆ ಆರಿಸಲು ಕೂರುವುದು. ರಾಶಿ, ಬೆಟ್ಟೆ, ಗೊರಬಲು ಎಂದು ಅಡಿಕೆಯ ದರ್ಜೆ ಬೇರೆ ಮಾಡುವುದರಲ್ಲಿ ಅವರ ಕಣ್ಣು ಅಪ್ಪನಿಗಿಂತ ಚುರುಕು. ದಿನಚರಿ ಹೋದಾಗ ಅದರ ಜಾಗದಲ್ಲಿ ಹೊಸದೇ ಒಂದನ್ನು ತಂದು ಇಡುವುದಕ್ಕಿಂತ, ಹಳೆಯದರ ಒಂದು ತುಂಡನ್ನು ಉಳಿಸಿಕೊಳ್ಳುವುದು ಸುಲಭ. ತೂಗಾಡುವುದು, ಕೈ ಆಡಿಸುವುದು, ಒಂದೇ ಮಾತನ್ನು ಮತ್ತೆ ಮತ್ತೆ ಹೇಳುವುದು ಇಂಥ ದಿನಗಳಲ್ಲಿ ಜಾಸ್ತಿ ಆಗುತ್ತದೆ. ತಡೆಯಬೇಡಿ. ಅವರು ತಮ್ಮನ್ನು ಸಮಾಧಾನ ಮಾಡಿಕೊಳ್ಳುವ ರೀತಿ ಅದು.

ನಮ್ಮ ಮಾತಿನ ರೂಢಿ ಇಲ್ಲಿ ದೊಡ್ಡ ತೊಡಕು. ‘ನೋಡೋಣ’, ‘ಆಯ್ತು ಬಿಡು’, ‘ಇನ್ನೊಂದ್ ಸ್ವಲ್ಪ ದಿನ’. ಇಲ್ಲ ಅನ್ನಲು ನಮಗೆ ಸಂಕೋಚ, ಹಾಗಾಗಿ ನೋಡೋಣ ಅನ್ನುತ್ತೇವೆ. ಕೇಳಿದವರು ಅದನ್ನು ಇಲ್ಲ ಅಂತಲೇ ಅರ್ಥ ಮಾಡಿಕೊಳ್ಳುತ್ತಾರೆ. ಆಟಿಸಂ ಇರುವ ಅನೇಕರು ಮಾತನ್ನು ಇದ್ದ ಹಾಗೇ ತೆಗೆದುಕೊಳ್ಳುತ್ತಾರೆ. ನೋಡೋಣ ಅಂದವರು ಯಾವಾಗ ನೋಡುತ್ತಾರೆ ಎಂದು ಕಾಯುತ್ತಾರೆ. ಗೊತ್ತಿಲ್ಲದಿದ್ದರೆ ‘ನನಗೆ ಗೊತ್ತಿಲ್ಲ, ಭಾನುವಾರ ಹೇಳುತ್ತೇನೆ’ ಅನ್ನಿ. ಭಾನುವಾರ ತಪ್ಪದೆ ಹೇಳಿ, ಅವತ್ತೂ ಗೊತ್ತಾಗಿರದಿದ್ದರೂ ಸರಿ.

ಲಾಕ್‌ಡೌನ್ ಕೆಲವರಿಗೆ ಮೊದಮೊದಲು ಕಷ್ಟ ಆಗಲಿಲ್ಲ ಎಂಬುದನ್ನೂ ಹೇಳಬೇಕು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಕೆಲಸ ಮಾಡುತ್ತಿದ್ದ ಒಬ್ಬರು ಸಾಗರದ ಕಡೆಯ ತಮ್ಮ ಮನೆಗೆ ಬಂದರು. ಇಪ್ಪತ್ತೆಂಟನೇ ವಯಸ್ಸಿನಲ್ಲಿ ಅವರಿಗೆ ಆಟಿಸಂ ಇರುವುದು ಗೊತ್ತಾಗಿತ್ತು. ಟ್ರಾಫಿಕ್ ಇಲ್ಲ, ಆಫೀಸಿನ ಬಿಳಿ ಲೈಟು ಇಲ್ಲ, ಬಲವಂತದ ನಗು ಇಲ್ಲ. ಮೊದಲ ಎರಡು ವಾರ ಬಹಳ ನೆಮ್ಮದಿಯಾಗಿದ್ದರು. ಆಮೇಲೆ ಚಿಕ್ಕಪ್ಪ, ದೊಡ್ಡಪ್ಪನ ಮಕ್ಕಳೆಲ್ಲ ಊರಿಗೆ ಬಂದರು. ಮನೆಯಲ್ಲಿ ಹದಿನಾಲ್ಕು ಜನ. ಕುಕ್ಕರ್ ಸೀಟಿ, ಮಕ್ಕಳ ಗಲಾಟೆ, ಬೆಳಿಗ್ಗೆಯಿಂದ ರಾತ್ರಿವರೆಗೆ ಟಿವಿಯಲ್ಲಿ ಸಾವಿನ ಲೆಕ್ಕ. ನೆಟ್‌ವರ್ಕ್‌ಗೆ ಗುಡ್ಡ ಹತ್ತಬೇಕು. ಒಂದು ಸಂಜೆ ಅವರ ಮಾತೇ ನಿಂತುಹೋಯಿತು. ಬಾಯಿ ತೆರೆದರೂ ಶಬ್ದ ಬರುತ್ತಿರಲಿಲ್ಲ. ಇದು ನಾಟಕ ಅಲ್ಲ, ಸೊಕ್ಕೂ ಅಲ್ಲ. ಭಾರ ಜಾಸ್ತಿಯಾದಾಗ ಕೆಲವರಿಗೆ ಹೀಗಾಗುತ್ತದೆ.

ಅವರ ಜೊತೆ ಫೋನಿನಲ್ಲಿ ಮಾತಾಡುವುದನ್ನು ಬಿಟ್ಟು ವಾಟ್ಸ್ಆ್ಯಪ್‌ನಲ್ಲಿ ಬರೆದುಕೊಂಡೆವು. ಪರಿಹಾರ ಅವರೇ ಕಂಡುಕೊಂಡರು. ಉಪ್ಪರಿಗೆಯ ಕೋಣೆ ಅವರಿಗೆ. ಬಾಗಿಲಿಗೆ ಕೆಂಪು ಟವೆಲ್ ಹಾಕಿದ್ದರೆ ಯಾರೂ ಕರೆಯಬಾರದು. ಊಟ ಎಲ್ಲರಿಗಿಂತ ಅರ್ಧ ಗಂಟೆ ಮೊದಲು. ಟಿವಿ ಸುದ್ದಿ ದಿನಕ್ಕೆ ಒಂದೇ ಸಲ, ಅದೂ ಹದಿನೈದು ನಿಮಿಷ. ‘ಮನೆಯವರ ಜೊತೆ ಕೂತು ಉಣ್ಣದಿದ್ದರೆ ಹೇಗೆ?’ ಎಂದು ಅಜ್ಜಿಗೆ ಬೇಸರವಾಗಿತ್ತು. ಸಂಜೆ ಅಜ್ಜಿಯ ಜೊತೆ ಸುಮ್ನೆ ಕೂತು ಹೂ ಕಟ್ಟುವುದು ಎಂದು ಒಪ್ಪಂದವಾಯಿತು. ಮಾತು ಬೇಡ, ಜೊತೆ ಸಾಕು.

ಮಾಸ್ಕ್ ವಿಷಯದಲ್ಲಿ ಬೈದು ಹಾಕಿಸಿದರೆ ಆಗುವುದಿಲ್ಲ. ಕೆಲವರಿಗೆ ಕಿವಿಯ ಹಿಂದಿನ ಎಲಾಸ್ಟಿಕ್ ನಿಜವಾಗಲೂ ಉರಿದಂತೆ ಆಗುತ್ತದೆ. ಹಳೆ ಕಾಟನ್ ಬಟ್ಟೆಯದು, ತಲೆಯ ಹಿಂದೆ ಕಟ್ಟುವಂಥದ್ದು ನೋಡಿ. ಮೊದಲ ದಿನ ಕೈಯಲ್ಲಿ ಹಿಡಿಯುವುದು, ಆಮೇಲೆ ಅರ್ಧ ನಿಮಿಷ, ಆಮೇಲೆ ಇಷ್ಟದ ಒಂದು ಹಾಡು ಮುಗಿಯುವವರೆಗೆ. ಮೂಗಿನ ಸ್ವಾಬ್ ಪರೀಕ್ಷೆಗೂ ಮನೆಯಲ್ಲೇ ತಯಾರಿ ಮಾಡಬಹುದು. ಅದರ ವಿಡಿಯೊ ತೋರಿಸಿ, ಹತ್ತರವರೆಗೆ ಎಣಿಸುವುದನ್ನು ಕಲಿಸಿ. ‘ನೋವಾಗಲ್ಲ’ ಅನ್ನಬೇಡಿ. ‘ಕಿರಿಕಿರಿ ಆಗುತ್ತದೆ, ಹತ್ತು ಎಣಿಸುವಷ್ಟರಲ್ಲಿ ಮುಗಿಯುತ್ತದೆ’ ಅನ್ನಿ.

ಜ್ವರದ ಬಗ್ಗೆ ಎಚ್ಚರ ಜಾಸ್ತಿ ಬೇಕು. ಮೈಯೊಳಗೆ ಏನಾಗುತ್ತಿದೆ ಎಂಬುದು ಇವರಲ್ಲಿ ಕೆಲವರಿಗೆ ಬೇಗ ತಿಳಿಯುವುದಿಲ್ಲ, ತಿಳಿದರೂ ಹೇಳಲು ಆಗುವುದಿಲ್ಲ. ಇಷ್ಟದ ತಿಂಡಿ ಬಿಟ್ಟರೆ, ನಿದ್ದೆ ತಪ್ಪಿದರೆ, ಸಿಟ್ಟು ದಿಢೀರ್ ಏರಿದರೆ ಮೊದಲು ಮೈ ಮುಟ್ಟಿ ನೋಡಿ. ಊರಿನಲ್ಲಿ ಕಾಯಿಲೆ ಇರುವಾಗ ದಿನಾ ಒಂದೇ ಹೊತ್ತಿಗೆ ಥರ್ಮಾಮೀಟರ್ ಇಡುವ ರೂಢಿ ಮಾಡಿ. ಉಸಿರಾಟದ ತೊಂದರೆ ತರುವ ಕಾಯಿಲೆಯಾದರೆ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಕೂಡ ಇರಲಿ. ಅದು 94ಕ್ಕಿಂತ ಕೆಳಗೆ ತೋರಿಸಿದರೆ ಕಾಯದೆ ಡಾಕ್ಟರ ಹತ್ತಿರ ಹೋಗಿ. ದಿನಾ ನುಂಗುವ ಮಾತ್ರೆಗಳಿದ್ದರೆ ಒಂದು ತಿಂಗಳಿಗಾಗುವಷ್ಟು ಮನೆಯಲ್ಲಿರಲಿ. ತಾವಾಗಿಯೇ ನಿಲ್ಲಿಸಬೇಡಿ.

ಈಗ ಹೇಳಲು ಕಷ್ಟವಾದ ವಿಷಯ. 2021ರ ಮೇ ತಿಂಗಳಲ್ಲಿ ಹೊಸನಗರದ ಕಡೆಯ ಒಬ್ಬ ಅಮ್ಮ ಆಸ್ಪತ್ರೆಯಲ್ಲಿ ತೀರಿಕೊಂಡರು. ದೇಹ ಮನೆಗೆ ಬರಲಿಲ್ಲ. ಆಟಿಸಂ ಇರುವ ನಲವತ್ತು ವರ್ಷದ ಮಗನಿಗೆ ನೆಂಟರು ‘ಅಮ್ಮ ಹೋಗಿಬಿಟ್ರು’ ಎಂದರು. ‘ಎಲ್ಲಿಗೆ? ಯಾವಾಗ ಬರ್ತಾರೆ?’ ಎಂದು ಅವರು ಕೇಳಿದರು. ‘ದೇವರ ಹತ್ರ’ ಅಂದರು. ಮೂರು ದಿನ ಅವರು ಬೀಗ ಹಾಕಿದ ದೇವಸ್ಥಾನದ ಮೆಟ್ಟಿಲಲ್ಲಿ ಕೂತಿದ್ದರು.

ಅವರ ಅಕ್ಕ ಮತ್ತು ನಾನು ಸೇರಿ ನಾಲ್ಕು ಸಾಲು ಬರೆದೆವು. ಅಮ್ಮ ಸತ್ತಿದ್ದಾರೆ. ಅವರ ಉಸಿರು ನಿಂತಿದೆ. ಅವರು ಮತ್ತೆ ಬರುವುದಿಲ್ಲ. ಇದು ನಿನ್ನ ತಪ್ಪಲ್ಲ. ಅಕ್ಕ ಓದಿ ಹೇಳಿದರು. ಅವರು ಕೇಳಿದ ಮೊದಲ ಪ್ರಶ್ನೆ, ‘ಆರು ಗಂಟೆಗೆ ಕಾಫಿ ಯಾರು ಮಾಡ್ತಾರೆ?’ ಎಂಬುದು. ‘ಅಮ್ಮ ಹೋದರೂ ಇವನಿಗೆ ಕಾಫಿ ಚಿಂತೆ’ ಎಂದು ಯಾರೋ ಅಂದರಂತೆ. ಆ ಕಾಫಿಯಲ್ಲೇ ಅವರ ದುಃಖ ಇತ್ತು. ಮೂವತ್ತು ವರ್ಷಕ್ಕಿಂತ ಹೆಚ್ಚು ಕಾಲ ಅಮ್ಮ ಅಂದರೆ ಅವರಿಗೆ ಆರು ಗಂಟೆಯ ಕಾಫಿ. ಅಕ್ಕ ಉತ್ತರ ಬರೆದರು: ‘ನಾನು ಮಾಡುತ್ತೇನೆ. ಅದೇ ಲೋಟದಲ್ಲಿ ಕೊಡುತ್ತೇನೆ. ಅಮ್ಮನ ಕಾಫಿಯ ರುಚಿ ಬರದೇ ಇರಬಹುದು.’ ಅವರು ಅಳುವುದಕ್ಕೆ ಇನ್ನೂ ಎರಡು ತಿಂಗಳು ಬೇಕಾಯಿತು.

ಹಾಗಾಗಿ ಪ್ರತಿ ಮನೆಯವರಿಗೂ ನಾನು ಕೇಳುವ ಪ್ರಶ್ನೆ ಒಂದೇ. ನೋಡಿಕೊಳ್ಳುವವರೇ ಮಲಗಿದರೆ ಮುಂದೆ ಯಾರು? ಒಬ್ಬರನ್ನು ಈಗಲೇ ಗೊತ್ತುಮಾಡಿ. ತಿಂಗಳಿಗೆ ಒಂದು ದಿನವಾದರೂ ಅವರು ಬಂದು ಇರಲಿ. ಜೊತೆಗೆ ಒಂದು ಹಾಳೆ ಬರೆದಿಡಿ, ಆಟಿಸಂ ಇರುವವರನ್ನೇ ಕೇಳಿಕೊಂಡು ಬರೆಯಿರಿ. ನನ್ನ ಹೆಸರು, ನನಗೆ ಆಟಿಸಂ ಇದೆ, ನಾನು ಹೀಗೆ ಮಾತಾಡುತ್ತೇನೆ, ನೋವಾದರೆ ಹೀಗೆ ಮಾಡುತ್ತೇನೆ, ಮುಟ್ಟುವ ಮೊದಲು ಹೇಳಿ, ಇವು ನನ್ನ ಮಾತ್ರೆಗಳು, ಇದನ್ನು ತಿನ್ನುತ್ತೇನೆ, ಇವರಿಗೆ ಫೋನ್ ಮಾಡಿ. ಆಸ್ಪತ್ರೆಯ ನರ್ಸ್‌ಗೆ ಪುರುಸೊತ್ತು ಇರುವುದಿಲ್ಲ, ಆದ್ದರಿಂದ ಒಂದೇ ಪುಟ ಇರಲಿ.

ಆಪತ್ತಿನ ಸಮಯದಲ್ಲಿ ಸಮಾನ ರಕ್ಷಣೆ ಪಡೆಯುವುದು ಇವರ ಹಕ್ಕು. 2016ರ ಕಾಯ್ದೆಯ 8ನೇ ಕಲಂ ಇದನ್ನೇ ಹೇಳುತ್ತದೆ. ಆಸ್ಪತ್ರೆಯಲ್ಲಿ ಜೊತೆಗೆ ಒಬ್ಬರು ಇರಲು ಬಿಡಿ ಎಂದು ಕೇಳುವಾಗ ಅದನ್ನು ಹೇಳಿ, ಅಂಗವಿಕಲರ ಗುರುತಿನ ಚೀಟಿಯಾದ ಯುಡಿಐಡಿ ಕಾರ್ಡ್ ಇದ್ದರೆ ತೋರಿಸಿ. ರಾತ್ರಿ ಹೊತ್ತು ಯಾರೂ ಸಿಗದಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿ ಮಾನಸ್ ಎಂಬ ಮಾನಸಿಕ ಆರೋಗ್ಯ ಸಹಾಯವಾಣಿ, ಕನ್ನಡದಲ್ಲೇ ಮಾತಾಡಬಹುದು. ನೋಡಿಕೊಳ್ಳುವವರು ತಮಗೆ ಸುಸ್ತಾಗಿದೆ ಎಂದು ಹೇಳಿಕೊಳ್ಳಲೂ ಫೋನ್ ಮಾಡಬಹುದು.

ಆ ಹಾಳೆಯನ್ನು ಬೀರುವಿನೊಳಗೆ ಇಡಬೇಡಿ. ಅಡುಗೆಮನೆಯ ಕ್ಯಾಲೆಂಡರಿನ ಮೊಳೆಗೇ ಸಿಕ್ಕಿಸಿ. ಮಳೆಗಾಲದ ಥಂಡಿ ತಾಗದಂತೆ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿಡಿ.