ನೆಟ್ ಇಲ್ಲದೆ ಹುಟ್ಟುವ ಆರು ಅಂಕಿ: ಟಿಓಟಿಪಿ ಟಿಪ್ಪಣಿ

ಅಥೆಂಟಿಕೇಟರ್ ಆ್ಯಪ್‌ನಲ್ಲಿ ಲಾಗಿನ್‌ಗಾಗಿ ಕಾಣುವ ಆರು ಅಂಕಿಯ ಕೋಡ್ (ಟಿಓಟಿಪಿ, ಅಂದರೆ ಸಮಯದಿಂದ ಹುಟ್ಟುವ ಒಂದು ಸಲದ ಪಾಸ್‌ವರ್ಡ್) ಸರ್ವರ್‌ನಿಂದ ಬರುತ್ತದೆ ಅಂದುಕೊಂಡಿದ್ದೆ. ಇಲ್ಲ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ ನೋಡಿ, ಆಗಲೂ 30 ಸೆಕೆಂಡಿಗೊಮ್ಮೆ ಕೋಡ್ ಬದಲಾಗುತ್ತಲೇ ಇರುತ್ತದೆ. ಫೋನೇ ಲೆಕ್ಕ ಹಾಕುತ್ತದೆ, ಅತ್ತ ಸರ್ವರ್ ಕೂಡ ಅದೇ ಲೆಕ್ಕ ಹಾಕುತ್ತದೆ, ಎರಡೂ ಒಂದೇ ಆದರೆ ಒಳಗೆ ಬಿಡುತ್ತದೆ. ನಿಮ್ಮ ನಂಬರಿಗೆ ಡೂಪ್ಲಿಕೇಟ್ ಸಿಮ್ ಮಾಡಿಸಿಕೊಂಡವನಿಗೆ ಎಸ್‌ಎಂಎಸ್ ಓಟಿಪಿ ಸಿಗುತ್ತದೆ, ಈ ಕೋಡ್ ಮಾತ್ರ ಸಿಗುವುದಿಲ್ಲ.

ಲೆಕ್ಕಕ್ಕೆ ಬೇಕಾದದ್ದು ಎರಡೇ: ಮೊದಲ ದಿನ ಸ್ಕ್ಯಾನ್ ಮಾಡಿದ ಕ್ಯೂಆರ್ ಕೋಡ್‌ನೊಳಗಿನ ಸೀಕ್ರೆಟ್ (ಫೋನಿಗೂ ಸರ್ವರಿಗೂ ಮಾತ್ರ ಗೊತ್ತಿರುವ ಗುಟ್ಟಿನ ಕೀ), ಮತ್ತು ಗಡಿಯಾರ. 1970ರ ಜನವರಿ 1ರಿಂದ ಈಗಿನವರೆಗಿನ ಸೆಕೆಂಡುಗಳನ್ನು 30ರಿಂದ ಭಾಗಿಸಿ ಶೇಷ ಬಿಟ್ಟುಬಿಡಿ. 59ನೇ ಸೆಕೆಂಡಿಗೆ 1 ಬರುತ್ತದೆ, 60ಕ್ಕೆ 2. ಎಣಿಕೆ ಯುಟಿಸಿಯಲ್ಲಿ (ಜಗತ್ತಿಗೆಲ್ಲ ಒಂದೇ ಆದ ಸಮಯ), ಹಾಗಾಗಿ ಫೋನ್ ಮೈಸೂರಿನಲ್ಲಿದ್ದು ಸರ್ವರ್ ಸಿಂಗಾಪುರದಲ್ಲಿದ್ದರೂ ತೊಂದರೆ ಇಲ್ಲ. ಈ ಸಂಖ್ಯೆಯನ್ನೂ ಸೀಕ್ರೆಟ್ಟನ್ನೂ ಎಚ್‌ಮ್ಯಾಕ್-ಶಾ1 ಅನ್ನುವ ಹ್ಯಾಶ್ ಸೂತ್ರಕ್ಕೆ (ಕೊಟ್ಟದ್ದನ್ನು ಕಲಸಿ ನಿಗದಿತ ಉದ್ದದ ಬೈಟ್‌ಗಳಾಗಿ ಮಾಡುವ ಲೆಕ್ಕ) ಕೊಟ್ಟರೆ 20 ಬೈಟ್ ಬರುತ್ತದೆ.

ಇಲ್ಲಿವರೆಗೆ ಸಲೀಸು. ನಾನು ಎರಡು ಸಂಜೆ ಒದ್ದಾಡಿದ್ದು ಮುಂದಿನದಕ್ಕೆ. 20 ಬೈಟ್‌ನಿಂದ ಆರು ಅಂಕಿ ತೆಗೆಯುವುದು ಹೇಗೆ? 2005ರ ಆರ್‌ಎಫ್‌ಸಿ 4226ರಲ್ಲಿ (ಇಂಥ ಕೋಡ್‌ಗಳ ಲೆಕ್ಕ ಬರೆದಿಟ್ಟಿರುವ ಇಂಟರ್ನೆಟ್ ದಾಖಲೆ) ಕೊಟ್ಟಿರುವ ಉದಾಹರಣೆಯನ್ನೇ ತೆಗೆದುಕೊಳ್ಳೋಣ:

1ಎಫ್ 86 98 69 0ಇ 02 ಸಿಎ 16 61 85 50 ಇಎಫ್ 7ಎಫ್ 19 ಡಿಎ 8ಇ 94 5ಬಿ 55 5ಎ

ಇವು ಹದಿನಾರರ ಎಣಿಕೆಯಲ್ಲಿ (ಹೆಕ್ಸ್) ಬರೆದ ಬೈಟ್‌ಗಳು, 9 ಆದ ಮೇಲೆ ಎಯಿಂದ ಎಫ್‌ವರೆಗೆ ಅಂದರೆ 10ರಿಂದ 15. ಕೊನೆಯ ಬೈಟ್ 5ಎ. ಅದರ ಕೊನೆಯ ನಾಲ್ಕು ಬಿಟ್ ಅಂದರೆ ಎ, ಅಂದರೆ 10. ಈ 10ನೇ ಜಾಗದಿಂದ ನಾಲ್ಕು ಬೈಟ್ ಎತ್ತಿಕೊಳ್ಳಬೇಕು. ನಾನು ಬೆರಳಿಟ್ಟು ಒಂದು, ಎರಡು ಅಂತ ಎಣಿಸಿ 85 50 ಇಎಫ್ 7ಎಫ್ ಎತ್ತಿಕೊಂಡೆ. ಉತ್ತರ 190271 ಬಂತು. ಇರಬೇಕಾದದ್ದು 872921. ಎಣಿಕೆ ಸೊನ್ನೆಯಿಂದ ಶುರು! 1ಎಫ್ ಇರುವುದು 0ನೇ ಜಾಗದಲ್ಲಿ, ಹಾಗೆ ಎಣಿಸಿದರೆ 10ನೇ ಜಾಗದಲ್ಲಿ 50 ಸಿಗುತ್ತದೆ. 50 ಇಎಫ್ 7ಎಫ್ 19 ಅಂದರೆ ದಶಮಾನದಲ್ಲಿ 1357872921. ಕೊನೆಯ ಆರು ಅಂಕಿ ಇಟ್ಟುಕೊಳ್ಳಿ, ಅದೇ ಕೋಡ್. ನಾಲ್ಕು ಬಿಟ್‌ನಲ್ಲಿ ಹೆಚ್ಚೆಂದರೆ 15 ಬರಬಹುದು. 15ರಿಂದ ನಾಲ್ಕು ಬೈಟ್ ಎತ್ತಿದರೂ 18ಕ್ಕೇ ಮುಗಿಯುತ್ತದೆ, 20 ಬೈಟ್‌ನ ಆಚೆ ಹೋಗುವುದೇ ಇಲ್ಲ. ಎಷ್ಟು ಅಚ್ಚುಕಟ್ಟು ಅಲ್ವಾ?

ಇನ್ನೊಂದು ಹೆಜ್ಜೆ ಇದೆ: ಎತ್ತಿದ ನಾಲ್ಕು ಬೈಟ್‌ನ ಮೊಟ್ಟಮೊದಲ ಬಿಟ್ಟನ್ನು ಸೊನ್ನೆ ಮಾಡಬೇಕು. ಯಾಕೆ ಅಂತ ಮೇಲಿನ ಉದಾಹರಣೆಯಿಂದ ತಿಳಿಯುವುದೇ ಇಲ್ಲ, ಯಾಕಂದರೆ 50ರ ಮೊದಲ ಬಿಟ್ ಆಗಲೇ ಸೊನ್ನೆ. ನನಗೆ ಅರ್ಥವಾದದ್ದು ತಪ್ಪಾಗಿ ಎತ್ತಿದ 85ರಿಂದ. ಅದನ್ನು ಬಿಟ್‌ಗಳಲ್ಲಿ ಬರೆದರೆ 10000101, ಮೊದಲ ಬಿಟ್ 1. ಜಾವಾ ಭಾಷೆಯ ಇಂಟ್ ಅನ್ನುವ ಸಂಖ್ಯೆ ಟೈಪ್‌ನಲ್ಲಿ ಅದು ಮೈನಸ್ ಸಂಖ್ಯೆ ಅಂತ ಅರ್ಥ, ಮೈನಸ್ ಇಲ್ಲದ ಟೈಪ್ ಬಳಸಿದರೆ ದೊಡ್ಡ ಪ್ಲಸ್ ಸಂಖ್ಯೆ. ಫೋನ್ ಒಂದು ಥರ, ಸರ್ವರ್ ಇನ್ನೊಂದು ಥರ ಓದಿದರೆ ಕೋಡ್ ಹೊಂದುವುದಿಲ್ಲ. ಆ ಬಿಟ್ ತೆಗೆದರೆ 85 ಹೋಗಿ 05 ಆಗುತ್ತದೆ, ಜಗಳವೇ ಇಲ್ಲ.

ಶಾ1 ಮುರಿದಿದೆಯಲ್ಲ ಅಂತ ಕೇಳಬಹುದು. 2017ರಲ್ಲಿ ತೋರಿಸಿದ್ದು ಎರಡು ಬೇರೆ ಫೈಲ್‌ಗಳಿಗೆ ಒಂದೇ ಹ್ಯಾಶ್ ಬರುವಂತೆ ಮಾಡಿದ್ದನ್ನು. ಸೀಕ್ರೆಟ್ ಗೊತ್ತಿಲ್ಲದವರಿಗೆ ಇಲ್ಲಿ ಅದರಿಂದ ಏನೂ ಸಿಗುವುದಿಲ್ಲ. ನಿಜವಾದ ಅಪಾಯ ನಕಲಿ ಲಾಗಿನ್ ಪುಟ. ಅಲ್ಲಿ ನೀವೇ ಕೋಡ್ ಒತ್ತಿಬಿಟ್ಟರೆ ಅವರು ಅದೇ ಕ್ಷಣ ಅಸಲಿ ಪುಟದಲ್ಲಿ ಬಳಸಬಹುದು. ಇದನ್ನು ಮನೆಯವರಿಗೂ ಹೇಳಿ.

ಈ ಲೆಕ್ಕದ ನಿಮ್ಮ ಪ್ರೋಗ್ರಾಂ ಬರೆದಾದ ಮೇಲೆ ಹೀಗೆ ಪರೀಕ್ಷಿಸಿ. 2011ರ ಆರ್‌ಎಫ್‌ಸಿ 6238ರ (ಟಿಓಟಿಪಿಯ ದಾಖಲೆ) ಉದಾಹರಣೆಗಳಲ್ಲಿ ಸೀಕ್ರೆಟ್ 12345678901234567890 ಅನ್ನುವ ಅಕ್ಷರಸಾಲು. 59ನೇ ಸೆಕೆಂಡಿಗೆ 287082 ಬರಬೇಕು. ಬಂದರೆ 1234567890ನೇ ಸೆಕೆಂಡನ್ನೂ ಹಾಕಿ ನೋಡಿ. ಅಲ್ಲಿ 005924 ಬರಬೇಕು, ಆದರೆ ಸುಮ್ನೆ ಸಂಖ್ಯೆ ಅಂತ ಪ್ರಿಂಟ್ ಮಾಡಿದರೆ 5924 ಅಷ್ಟೇ ಕಾಣುತ್ತದೆ, ಲಾಗಿನ್ ಆಗುವುದಿಲ್ಲ. ಎಡಕ್ಕೆ ಸೊನ್ನೆ ತುಂಬಿ ಆರು ಅಂಕಿ ಮಾಡಿಕೊಳ್ಳಿ.